ಕಲ್ಲಿದ್ದಲ ರೈಲಿನ ನೆನಪುಗಳು: ಕಿಡಿ, ಹೊಗೆ, ಚುಕುಬುಕು ಸದ್ದಿನ ಹಿಂದೆ ಏನಿತ್ತು?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ದಾರಿಗೆ ವಿದ್ಯುತ್ ತಂತಿ ಎಳೆಯಲೆಂದು 2025ರ ಜೂನ್‌ನಿಂದ ಹಗಲಿನ ಪ್ರಯಾಣಿಕರ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಮಂಗಳೂರಿಗೆ ಹೋಗಬೇಕಾದವರು ಬಸ್ಸು ಹತ್ತಿದರು. ಹಾಸನದ ಮನೆಗಳಲ್ಲಿ ರೈಲಿನ ಮಾತು ಮತ್ತೆ ಶುರುವಾಯಿತು. ಡೀಸೆಲ್ ಎಂಜಿನ್ನಿಗೂ ವಯಸ್ಸಾಯಿತು ಅನ್ನುವ ಸುದ್ದಿ ಕೇಳಿದ ಹಿರಿಯರಿಗೆ ಅದಕ್ಕೂ ಹಿಂದಿನ ಕಲ್ಲಿದ್ದಲ ರೈಲು ನೆನಪಾಗದೆ ಇರುತ್ತದೆಯೇ?

ಅವರು ಹೇಳುವುದು ಹೆಚ್ಚುಕಡಿಮೆ ಒಂದೇ ಥರ. ಅರಸೀಕೆರೆಯಲ್ಲಿ ಇಳಿದು ಇನ್ನೊಂದು ರೈಲಿಗೆ ಕಾಯ್ತಿದ್ವಿ. ಕಿಟಕಿಯಿಂದ ತಲೆ ಹೊರಗೆ ಹಾಕಿದ್ರೆ ಕಣ್ಣಿಗೆ ಕಿಡಿ. ಊರು ಮುಟ್ಟೋ ಹೊತ್ತಿಗೆ ಮೂಗಿನ ತುಂಬಾ ಮಸಿ. ಸ್ಟೇಷನ್ನಲ್ಲಿ ಒಬ್ಬ ದೊಡ್ಡ ಬಳೆ ಹಿಡ್ಕೊಂಡು ನಿಂತಿರ್ತಿದ್ದ. ಟಿಕೆಟ್ಟು ರಟ್ಟಿನದು. ಇಷ್ಟು ಕೇಳಿದ ಮಕ್ಕಳು ತಲೆಯಾಡಿಸಿ ಮೊಬೈಲಿಗೆ ಮರಳುತ್ತಾರೆ, ಯಾಕೆಂದರೆ ಯಾವುದು ಯಾಕೆ ಹಾಗಿತ್ತು ಎಂದು ಹೇಳುವವರಿಲ್ಲ. ಈ ನೆನಪುಗಳಲ್ಲಿ ಒಂದೊಂದಕ್ಕೂ ಆ ಯಂತ್ರದೊಳಗೆ, ಇಲ್ಲವೇ ಆ ಕಾಲದ ರೈಲಿನ ವ್ಯವಸ್ಥೆಯೊಳಗೆ ಒಂದು ನಿಖರವಾದ ಕಾರಣವಿದೆ. ಆ ಕಾರಣಗಳನ್ನು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ.

## ಮೊದಲು ಹಳಿಯ ಕಥೆ

ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲು ದಾರಿ 1880ರ ದಶಕದಲ್ಲಿ ಆಯಿತು. ಅರಸೀಕೆರೆ, ಕಡೂರು, ಬೀರೂರು ಇರುವುದು ಈ ದಾರಿಯಲ್ಲೇ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಒಡೆಯಿತು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಬರುವ ದಾರಿ 1910ರ ದಶಕದ ಕೊನೆಯ ಹೊತ್ತಿಗೆ ಬಂತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಪುಟ್ಟ ಹಳಿಯ ರೈಲೂ ಒಂದಿತ್ತು.

ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಚಿಕ್ಕಮಗಳೂರಿನವರಿಗೆ ರೈಲು ಅಂದರೆ ಕಡೂರು. ಟ್ರಂಕು, ಹಾಸಿಗೆ ಸುರುಳಿ ಹೊತ್ತು ಮೊದಲು ಕಡೂರಿನ ಬಸ್ಸು ಹಿಡಿಯಬೇಕಿತ್ತು. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ಹಳಿ ಬಂದದ್ದು ಇನ್ನೂ ಈಚೆಗೆ, 2017ರಲ್ಲಿ. ಅದಕ್ಕೂ ಮುಂಚೆ ಹಾಸನದವರು ಸುಮಾರು 47 ಕಿಲೋಮೀಟರ್ ದೂರದ ಅರಸೀಕೆರೆಗೆ ಹೋಗಿ ಅಲ್ಲಿಂದ ಬೆಂಗಳೂರಿನ ದಾರಿ ಹಿಡಿಯುತ್ತಿದ್ದರು. ಅರಸೀಕೆರೆ ಇಷ್ಟೊಂದು ಜನರ ನೆನಪಿನಲ್ಲಿ ಉಳಿದಿರುವುದಕ್ಕೆ ಮೊದಲ ಕಾರಣ ಇದು: ಅದು ಕೂಡುದಾರಿ. ಒಂದು ರೈಲು ತಡವಾದರೆ ಅದರ ಪ್ರಯಾಣಿಕರಿಗಾಗಿ ಇನ್ನೊಂದು ರೈಲು ಕಾಯುತ್ತಿತ್ತು. ಅದು ಕಾಯದೆ ಹೊರಟುಹೋದರೆ ಮುಂದಿನ ರೈಲಿಗೆ ಪ್ರಯಾಣಿಕರು ಕಾಯುತ್ತಿದ್ದರು.

ನರಸಿಂಹರಾಜಪುರದ ಪುಟ್ಟ ಹಳಿಯನ್ನೂ ಈಚಿನ ದಾರಿಗಳನ್ನೂ ಬಿಟ್ಟರೆ ಇವೆಲ್ಲ ಆಗ ಮೀಟರ್ ಗೇಜ್ ದಾರಿಗಳು. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ. ಮೀಟರ್ ಗೇಜ್‌ನಲ್ಲಿ ಅದು 1,000 ಮಿಲಿಮೀಟರ್, ಇವತ್ತಿನ ಬ್ರಾಡ್ ಗೇಜ್‌ನಲ್ಲಿ 1,676. ಅಗಲ ಕಡಿಮೆಯಾದ್ದರಿಂದ ಡಬ್ಬಿಗಳು ಕಿರಿದಾಗಿದ್ದವು, ಎಂಜಿನ್ನೂ ಚಿಕ್ಕದು. ನಮ್ಮ ಕಡೆಯ ಹಿರಿಯರು ಕಂಡ ಕರಿ ಎಂಜಿನ್ನುಗಳಲ್ಲಿ ವೈಪಿ ಮತ್ತು ವೈಜಿ ಎಂಬ ಎರಡು ಬಗೆ ಮುಖ್ಯ. ಹೆಸರಿನ 'ವೈ' ಮೀಟರ್ ಗೇಜ್‌ನ ಗುರುತು, 'ಪಿ' ಪ್ಯಾಸೆಂಜರ್, 'ಜಿ' ಗೂಡ್ಸ್. ಮುಂದೆ ಲೆಕ್ಕ ಹಾಕುವಾಗ ನಾನು ವೈಪಿ ಎಂಜಿನ್ನನ್ನೇ ಇಟ್ಟುಕೊಳ್ಳುತ್ತೇನೆ.

## ಬೆಂಕಿ ನೀರಿನ ಒಳಗೆ ಹೋದದ್ದು

ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ಕೆಳಗೆ ಬೆಂಕಿ, ಮೇಲೆ ನೀರು. ಬೆಂಕಿ ತಾಗುವುದು ಹಂಡೆಯ ತಳಕ್ಕೆ ಮಾತ್ರ, ಉಳಿದ ಬಿಸಿಯೆಲ್ಲ ಪಕ್ಕದಿಂದ ಹಾದು ಹೊಗೆಗೂಡಿಗೆ ಹೋಗುತ್ತದೆ. ಅದಕ್ಕೇ ಹಂಡೆ ಕಾಯುವುದು ಅಷ್ಟು ನಿಧಾನ. ಈಗ ಅದೇ ಹಂಡೆಯನ್ನು ಉದ್ದಕ್ಕೆ ಮಲಗಿಸಿ, ಅದರೊಳಗೆ ನೂರಾರು ಸಣ್ಣ ಕೊಳವೆಗಳನ್ನು ತೂರಿಸಿ, ಬೆಂಕಿಯ ಬಿಸಿಗಾಳಿ ಆ ಕೊಳವೆಗಳೊಳಗೇ ಹಾದುಹೋಗುವಂತೆ ಮಾಡಿದರೆ? ನೀರಿನ ನಟ್ಟನಡುವೆ ನೂರಾರು ಕಡೆ ಬಿಸಿ ತಾಗುತ್ತದೆ. ಉಗಿ ಎಂಜಿನ್ನಿನ ಬಾಯ್ಲರ್ ಅಂದರೆ ಇದೇ. ಹೊರಗಿನಿಂದ ನಮಗೆ ಕಾಣುತ್ತಿದ್ದ ಆ ಉದ್ದನೆಯ ಕರಿ ಸಿಲಿಂಡರಿನ ಒಳಗೆಲ್ಲ ನೀರು, ನೀರಿನ ನಡುವೆ ಬಿಸಿಗಾಳಿಯ ಕೊಳವೆಗಳು. ಡ್ರೈವರ್ ನಿಲ್ಲುವ ಕಡೆಗೆ ಬೆಂಕಿಗೂಡು, ಮುಂದಿನ ತುದಿಯಲ್ಲಿ ಚಿಮಣಿ.

ಹಂಡೆಯ ಬಾಯಿ ತೆರೆದಿರುತ್ತದೆ, ಬಾಯ್ಲರಿಗೆ ಬಾಯಿಲ್ಲ. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಆ ಜಾಗ ಸಿಗದಿದ್ದಾಗ ಒತ್ತಡ ಏರುತ್ತದೆ. ವೈಪಿ ಎಂಜಿನ್ನಿನಲ್ಲಿ ಈ ಒತ್ತಡ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 15 ಕಿಲೋವರೆಗೆ ಹೋಗುತ್ತಿತ್ತು. ಅಷ್ಟು ಒತ್ತಡದಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, ಇನ್ನೂರು ಡಿಗ್ರಿ ಸೆಲ್ಸಿಯಸ್‌ಗೆ.

ಡ್ರೈವರ್ ರೆಗ್ಯುಲೇಟರ್ ಹಿಡಿಯನ್ನು ಎಳೆದರೆ ಈ ಉಗಿ ಎಂಜಿನ್ನಿನ ಮುಂಭಾಗದ ಎರಡು ಸಿಲಿಂಡರುಗಳಿಗೆ ನುಗ್ಗುತ್ತದೆ, ಎಡಕ್ಕೊಂದು ಬಲಕ್ಕೊಂದು. ಒಳಗಿನ ಪಿಸ್ಟನ್ನಿನ ಅಗಲ ಸುಮಾರು 39 ಸೆಂಟಿಮೀಟರ್. ಪೂರ್ತಿ ಒತ್ತಡ ಅದರ ಮೇಲೆ ಬಿದ್ದರೆ ತಳ್ಳುವ ಬಲ 17 ಟನ್ ಆಗುತ್ತದೆ. ಆ ತಳ್ಳು ಉಕ್ಕಿನ ದಪ್ಪ ಸರಳಿನ ಮೂಲಕ ಗಾಲಿಗೆ ಮುಟ್ಟಿ ಅದನ್ನು ತಿರುಗಿಸುತ್ತದೆ. ಗಾಲಿಗಳ ಪಕ್ಕದಲ್ಲಿ ಮೊಣಕೈ ಮಡಿಸಿ ಚಾಚುತ್ತಿದ್ದ ಹಾಗೆ ಆಡುತ್ತಿದ್ದವಲ್ಲ, ಆ ಸರಳುಗಳ ಕೆಲಸ ಇದು.

## ಚುಕುಬುಕು

ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡುತ್ತಿರಲಿಲ್ಲ. ಅದನ್ನು ಚಿಮಣಿಯ ಬುಡಕ್ಕೆ ತಂದು, ಸಣ್ಣ ಬಾಯಿಯ ಕೊಳವೆಯಿಂದ ಮೇಲಕ್ಕೆ ಚಿಮ್ಮಿಸುತ್ತಿದ್ದರು. ಹಾಗೆ ಚಿಮ್ಮಿದಾಗಲೆಲ್ಲ ಒಂದು 'ಚುಕ್'. ಪಿಸ್ಟನ್ ಮುಂದೆ ಹೋದಾಗ ಒಂದು ಸಲ, ಹಿಂದೆ ಬಂದಾಗ ಒಂದು ಸಲ ಉಗಿ ಹೊರಬೀಳುತ್ತದೆ. ಸಿಲಿಂಡರ್ ಎರಡು. ಹಾಗಾಗಿ ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಚುಕ್.

ವೈಪಿ ಎಂಜಿನ್ನಿನ ದೊಡ್ಡ ಗಾಲಿಯ ಅಡ್ಡಳತೆ 1,372 ಮಿಲಿಮೀಟರ್, ಸುತ್ತಳತೆ ಸುಮಾರು 4.3 ಮೀಟರ್. ಅಂದರೆ ಒಂದೊಂದು ಚುಕ್‌ಗೂ ರೈಲು ಒಂದು ಮೀಟರ್ ಚಿಲ್ಲರೆ ಮುಂದೆ ಸಾಗುತ್ತಿತ್ತು. ಸ್ಟೇಷನ್ನಿನಿಂದ ಆಗಷ್ಟೇ ಹೊರಟು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿರುವಾಗ ಸೆಕೆಂಡಿಗೆ ಎರಡೋ ಮೂರೋ ಚುಕ್, ಮಕ್ಕಳು ಬಾಯಲ್ಲಿ ಅನುಕರಿಸಬಹುದಾದ ಲಯ. ವೇಗ 45ಕ್ಕೆ ಏರಿದರೆ ಸೆಕೆಂಡಿಗೆ ಹನ್ನೊಂದು ಹನ್ನೆರಡು. ಆಗ ಬಿಡಿಬಿಡಿಯಾಗಿ ಕೇಳದೆ ಒಂದೇ ಸಮನೆ ಮೊರೆಯುವ ಸದ್ದು. ಎಲ್ಲರ ನೆನಪಿನಲ್ಲೂ ಚುಕುಬುಕು ಉಳಿದಿರುವುದು ರೈಲು ಹೊರಡುವ ಹೊತ್ತಿನದು ಎನ್ನುವುದಕ್ಕೆ ಈ ಲೆಕ್ಕವೇ ಸಾಕ್ಷಿ.

ಡಬ್ಬಿಯೊಳಗೆ ಕೂತವರಿಗೆ ಕೇಳುತ್ತಿದ್ದ 'ಟಕ ಟಕ, ಟಕ ಟಕ' ಬೇರೆಯದು. ಅದು ಹಳಿಯ ಸದ್ದು. ಸುಮಾರು 12 ಮೀಟರಿಗೊಂದು ಕಡೆ ಹಳಿಯ ತುಂಡುಗಳನ್ನು ಜೋಡಿಸಿ, ಬಿಸಿಲಿಗೆ ಹಿಗ್ಗಲೆಂದು ನಡುವೆ ಸಣ್ಣ ಸಂದು ಬಿಡುತ್ತಿದ್ದರು. ಗಾಲಿ ಆ ಸಂದು ದಾಟುವಾಗ ಸದ್ದು. ಈಗ ಹಳಿಗಳನ್ನು ಉದ್ದಕ್ಕೂ ಬೆಸೆದುಬಿಡುವುದರಿಂದ ಆ ತಾಳ ನಿಂತುಹೋಗಿದೆ.

## ಕಣ್ಣಿಗೆ ಬೀಳುತ್ತಿದ್ದ ಕಿಡಿ

ಚಿಮಣಿಯಲ್ಲಿ ಉಗಿ ಚಿಮ್ಮಿಸುತ್ತಿದ್ದದ್ದು ಸದ್ದಿಗಾಗಿ ಅಲ್ಲ. ನನಗೆ ಇಡೀ ಯಂತ್ರದಲ್ಲಿ ಅತಿ ಸೊಗಸಾಗಿ ಕಾಣುವ ಉಪಾಯ ಇದೇ. ಮೇಲಕ್ಕೆ ರಭಸದಿಂದ ಹೋಗುವ ಉಗಿ ತನ್ನ ಜೊತೆಗೆ ಸುತ್ತಲಿನ ಹೊಗೆಯನ್ನೂ ಎಳೆದೊಯ್ಯುತ್ತದೆ. ಆ ಎಳೆತ ಕೊಳವೆಗಳ ಮೂಲಕ ಹಿಂದಿನ ಬೆಂಕಿಗೂಡಿನವರೆಗೂ ಮುಟ್ಟಿ, ಕೆಳಗಿನಿಂದ ಹೊಸ ಗಾಳಿ ಬೆಂಕಿಗೆ ನುಗ್ಗುತ್ತದೆ. ಬೆಂಕಿ ಊದುವುದಕ್ಕೆ ಬೇರೆ ತಿದಿ ಬೇಕಿಲ್ಲ. ಎಂಜಿನ್ ಹೆಚ್ಚು ದುಡಿದಷ್ಟೂ ಹೆಚ್ಚು ಉಗಿ ಚಿಮ್ಮುತ್ತದೆ, ಹೆಚ್ಚು ಉಗಿ ಚಿಮ್ಮಿದಷ್ಟೂ ಬೆಂಕಿ ಜೋರಾಗುತ್ತದೆ, ಬೆಂಕಿ ಜೋರಾದಷ್ಟೂ ಉಗಿ ಹೆಚ್ಚುತ್ತದೆ. ಯಾರೂ ಹೇಳದೆಯೇ ಯಂತ್ರ ತನಗೆ ಬೇಕಾದಷ್ಟು ಬೆಂಕಿಯನ್ನು ತಾನೇ ಕೇಳಿ ಪಡೆಯುತ್ತದೆ.

ಆದರೆ ಆ ಎಳೆತಕ್ಕೆ ಸಿಕ್ಕಿ ಪೂರ್ತಿ ಉರಿಯದ ಕಲ್ಲಿದ್ದಲಿನ ಚೂರುಗಳೂ ಕೊಳವೆ ಹಾದು ಚಿಮಣಿಯಿಂದ ಹಾರುತ್ತಿದ್ದವು. ಕಿಟಕಿಯಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು, ರಾತ್ರಿ ಹೊತ್ತು ಕೆಂಪಗೆ ಮಿಣುಕುತ್ತಾ ಹಾರುತ್ತಿದ್ದದ್ದು ಇವೇ. ಏರು ಹತ್ತುವಾಗ ಎಂಜಿನ್ ಹೆಚ್ಚು ದುಡಿಯುವುದರಿಂದ ಕಿಡಿಯೂ ಹೆಚ್ಚು. ಎಂಜಿನ್ನಿಗೆ ಹತ್ತಿರದ ಡಬ್ಬಿಯವರಿಗೆ ತೊಂದರೆ ಜಾಸ್ತಿ. "ಎಂಜಿನ್ ಕಡೆ ಬೆನ್ನು ಮಾಡಿ ಕೂತ್ಕೋ" ಎಂದು ದೊಡ್ಡವರು ಗದರುತ್ತಿದ್ದದ್ದು ಸುಮ್ಮನೆ ಅಲ್ಲ. ನಮ್ಮ ಮನೆಯಲ್ಲಂತೂ ರೈಲಿಗೆ ಹೊರಟರೆ ಬಿಳಿ ಬಟ್ಟೆ ಪೆಟ್ಟಿಗೆಯೊಳಗೇ ಇರಬೇಕು, ಇಳಿದ ಮೇಲೆ ಸ್ನಾನ ಆಗದೆ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ.

## ಸ್ಟೇಷನ್ನಿನಲ್ಲಿ ಅಷ್ಟು ಹೊತ್ತು ಯಾಕೆ ನಿಲ್ಲುತ್ತಿತ್ತು?

ಬಳಸಿದ ಉಗಿ ಚಿಮಣಿಯಿಂದ ಹೊರಟುಹೋದರೆ ಆ ನೀರೂ ಹೋದ ಹಾಗೆಯೇ. ಎಂಜಿನ್ನಿನ ಹಿಂದೆ ಕಟ್ಟಿದ್ದ ಟೆಂಡರಿನಲ್ಲಿ ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು, ಅದರ ಜೊತೆಗೆ ಟನ್ನುಗಟ್ಟಲೆ ಕಲ್ಲಿದ್ದಲು ಇರುತ್ತಿತ್ತು. ಕಲ್ಲಿದ್ದಲಿಗಿಂತ ಮೊದಲು ಮುಗಿಯುತ್ತಿದ್ದದ್ದು ನೀರು. ಅದಕ್ಕೇ ದೊಡ್ಡ ಸ್ಟೇಷನ್ನುಗಳ ಪ್ಲಾಟ್‌ಫಾರಂ ತುದಿಯಲ್ಲಿ ಕಬ್ಬಿಣದ ಎತ್ತರದ ಕಂಬ, ಅದಕ್ಕೊಂದು ಅಡ್ಡ ಕೈ, ಅದರ ತುದಿಯಲ್ಲಿ ಜೋತುಬಿದ್ದ ಚೀಲದಂಥ ಕೊಳವೆ. ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಟೆಂಡರಿನ ಮೇಲೆ ಹತ್ತಿ, ಆ ಕೊಳವೆಯನ್ನು ಟೆಂಡರಿನ ಬಾಯಿಗೆ ಇಳಿಸಿ, ಕೆಳಗಿದ್ದವರಿಗೆ ಚಕ್ರ ತಿರುಗಿಸಲು ಹೇಳುತ್ತಿದ್ದ. ನೀರು ತುಂಬಿ ಹೊರಗೆ ಚೆಲ್ಲುವವರೆಗೂ ರೈಲು ಅಲ್ಲೇ.

ನೀರೊಂದೇ ಅಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ದಕ್ಷಿಣದ ರೈಲುಗಳಿಗೆ ಇಂದಿನ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಕಲ್ಲಿದ್ದಲು ಬರುತ್ತಿತ್ತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು. ಓಡುತ್ತಾ ಓಡುತ್ತಾ ಬೂದಿ ಕರಗಿ ಗಟ್ಟಿಯಾಗಿ ಬೆಂಕಿಗೂಡಿನ ಕಂಬಿಗಳಿಗೆ ಅಂಟಿಕೊಂಡರೆ ಗಾಳಿ ಮೇಲೇರುವುದಿಲ್ಲ, ಬೆಂಕಿ ಮಂಕಾಗುತ್ತದೆ. ಅದನ್ನು ಉದ್ದನೆಯ ಸಲಾಕೆಯಿಂದ ಒಡೆದು ಕೆಳಗೆ ಕೆಡವಬೇಕು. ಕೀಲುಗಳಿಗೆಲ್ಲ ಎಣ್ಣೆ ಬಿಡಬೇಕು. ದೂರದ ಪ್ರಯಾಣವಾದರೆ ನಡುವೆ ಎಂಜಿನ್ನನ್ನೇ ಬದಲಾಯಿಸಬೇಕು.

ಪ್ರಯಾಣಿಕರಿಗೆ ಆ ಹೊತ್ತು ಕಾಫಿಯದು. ಕೂಜಾ ಹಿಡಿದು ನಲ್ಲಿಗೆ ಓಡುವವರು, ಎಲೆಯಲ್ಲಿ ಕಟ್ಟಿ ತಂದ ಚಿತ್ರಾನ್ನ ಬಿಚ್ಚುವವರು, ಎಳನೀರು ಕೊಚ್ಚಿಸಿಕೊಳ್ಳುವವರು. ಮನೆಯ ಬುತ್ತಿ ರೈಲಿನಲ್ಲಿ ರುಚಿಯಾಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ. ನಿಂತ ರೈಲಿನಲ್ಲಿ, ಮಸಿ ಬೀಳದ ಹೊತ್ತು ನೋಡಿ, ಸಾವಕಾಶವಾಗಿ ತಿಂದದ್ದು ಅದಕ್ಕೆ ಒಂದು ಕಾರಣ ಇರಬೇಕು ಎಂದು ನನಗನ್ನಿಸುತ್ತದೆ.

ಇತ್ತ ಎಂಜಿನ್ನಿನೊಳಗೆ ಡ್ರೈವರಿಗೂ ಫೈರ್‌ಮನ್ನಿಗೂ ಪುರುಸೊತ್ತಿಲ್ಲ. ಬೆಂಕಿಗೂಡಿನ ಮೇಲುಭಾಗದಲ್ಲಿ, ಅವರ ಕಣ್ಣ ಮುಂದೆಯೇ, ದಪ್ಪ ಗಾಜಿನ ಎರಡು ಕೊಳವೆಗಳಿರುತ್ತಿದ್ದವು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವ ಕೊಳವೆಗಳು. ಒಂದು ಒಡೆದರೆ ಇನ್ನೊಂದು ಇರಲಿ ಎಂದು ಎರಡು. ಬೆಂಕಿಗೂಡಿನ ಛಾವಣಿಯ ತಗಡು ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ಅದರ ಕೆಳಗೆ ಇಳಿದರೆ ತಗಡು ಕೆಂಪಗೆ ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯಬಹುದು. ರೈಲು ಏರು ಹತ್ತುವಾಗ ನೀರು ಹಿಂದಕ್ಕೆ ಸರಿದು ಆ ಛಾವಣಿಯ ಮೇಲೆ ಸೇರುತ್ತದೆ, ಗಾಜಿನಲ್ಲಿ ಮಟ್ಟ ಜಾಸ್ತಿ ಕಾಣುತ್ತದೆ. ದಿಣ್ಣೆ ದಾಟಿ ಇಳಿಯತೊಡಗಿದ ಕೂಡಲೇ ನೀರು ಮುಂದಕ್ಕೆ ಓಡುತ್ತದೆ, ಮಟ್ಟ ದಿಢೀರನೆ ಕುಸಿಯುತ್ತದೆ. ಹಾಗಾಗಿ ದಿಣ್ಣೆ ಬರುವ ಮೊದಲೇ ಎಷ್ಟು ನೀರು ಬೇಕೆಂದು ಅಂದಾಜು ಮಾಡಿ ಬಾಯ್ಲರಿಗೆ ಬಿಟ್ಟುಕೊಳ್ಳಬೇಕಿತ್ತು. ದಾರಿಯ ಒಂದೊಂದು ಏರು ಇಳುಕಲೂ ಆ ಇಬ್ಬರಿಗೆ ಬಾಯಿಪಾಠವಾಗಿರುತ್ತಿತ್ತು. ಅಷ್ಟಾಗಿಯೂ ನೀರು ತಗ್ಗಿದರೆ ಛಾವಣಿಯಲ್ಲಿ ಕೂರಿಸಿದ್ದ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತಿತ್ತು.

## ಬೆತ್ತದ ಬಳೆ

ಹಳಿ ಒಂದೇ, ರೈಲು ಎರಡೂ ಕಡೆಯಿಂದ ಬರಬೇಕು. ಎದುರುಬದುರಾಗದಂತೆ ತಡೆಯುವುದು ಹೇಗೆ? ಉತ್ತರ ಒಂದು ಲೋಹದ ಚೆಂಡು. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ, ಎರಡಕ್ಕೂ ತಂತಿಯ ಸಂಪರ್ಕ. ಆ ಕಡೆಯ ಸ್ಟೇಷನ್ ಮಾಸ್ಟರ್ ಒಪ್ಪಿ ತನ್ನ ಯಂತ್ರವನ್ನು ಒತ್ತಿದರೆ ಮಾತ್ರ ಈ ಕಡೆಯ ಯಂತ್ರದಿಂದ ಚೆಂಡು ಹೊರಗೆ ಬರುತ್ತದೆ. ಒಂದು ಚೆಂಡು ಹೊರಗಿರುವವರೆಗೆ ಎರಡೂ ಯಂತ್ರಗಳು ಇನ್ನೊಂದನ್ನು ಕೊಡುವುದಿಲ್ಲ. ಆ ಚೆಂಡು ಕೈಯಲ್ಲಿಲ್ಲದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಹೋಗುವಂತಿಲ್ಲ. ಇದಕ್ಕೆ ಟೋಕನ್ ಎನ್ನುತ್ತಿದ್ದರು.

ನಿಲ್ಲದೆ ಹೋಗುವ ರೈಲಿಗೆ ಚೆಂಡು ಕೊಡುವುದಕ್ಕೇ ಆ ದೊಡ್ಡ ಬಳೆ. ಬೆತ್ತದ ಬಳೆಗೆ ಸಣ್ಣ ಚರ್ಮದ ಚೀಲ, ಚೀಲದೊಳಗೆ ಚೆಂಡು. ಪ್ಲಾಟ್‌ಫಾರಂ ಮೇಲೆ ನಿಂತವನು ಬಳೆಯನ್ನು ಎತ್ತಿ ಹಿಡಿಯುತ್ತಾನೆ. ಓಡುವ ಎಂಜಿನ್ನಿನಿಂದ ಬಗ್ಗಿದ ಫೈರ್‌ಮನ್ ಅದರೊಳಗೆ ತೋಳು ತೂರಿಸಿ ಎತ್ತಿಕೊಳ್ಳುತ್ತಾನೆ, ಹಿಂದಿನ ಸ್ಟೇಷನ್ನಿನ ಬಳೆಯನ್ನು ಕೆಳಗೆ ಎಸೆಯುತ್ತಾನೆ. ಮಳೆಗಾಲದ ರಾತ್ರಿಯಲ್ಲೂ ಇದೇ ಕೆಲಸ. ಪ್ಯಾಸೆಂಜರ್ ರೈಲು ಸಣ್ಣ ಊರಿನಲ್ಲಿ ಸುಮ್ಮನೆ ನಿಂತಂತೆ ಕಂಡಾಗ, ಬಹುಪಾಲು ಅದು ಎದುರಿನಿಂದ ಬರುವ ರೈಲಿಗೆ ಕಾಯುತ್ತಿತ್ತು. ಅದಕ್ಕೆ ಕ್ರಾಸಿಂಗ್ ಎನ್ನುತ್ತಿದ್ದರು. ಆ ರೈಲು ತಂದ ಚೆಂಡು ಯಂತ್ರಕ್ಕೆ ಬೀಳುವವರೆಗೆ ಈ ರೈಲಿಗೆ ದಾರಿಯಿಲ್ಲ.

## ಏರು ಬಂದರೆ ಏದುಸಿರು

50 ಮೀಟರ್ ಸಾಗಿದರೆ 1 ಮೀಟರ್ ಮೇಲೇರುವ ಹಳಿಯನ್ನು 50ಕ್ಕೆ 1ರ ಏರು ಎನ್ನುತ್ತಾರೆ. ಸಕಲೇಶಪುರದ ಘಟ್ಟ ಇಂಥದ್ದು. 300 ಟನ್ ತೂಕದ ರೈಲನ್ನು ಇಂಥ ಏರಿನಲ್ಲಿ ಜಾರದಂತೆ ಹಿಡಿದಿಡಲೇ 6 ಟನ್ ಎಳೆತ ಬೇಕು. ಎಂಜಿನ್ ಮತ್ತು ಟೆಂಡರ್ ಸೇರಿ ಸುಮಾರು 100 ಟನ್, ಅದಕ್ಕೆ ಇನ್ನೂ 2 ಟನ್. ವೈಪಿ ಎಂಜಿನ್ನಿನ ಪೂರ್ತಿ ಎಳೆತ 8 ಟನ್ ಚಿಲ್ಲರೆ. ತಿರುವುಗಳ ಘರ್ಷಣೆ ಸೇರಿಸಿದರೆ ರೈಲು ನಿಂತಲ್ಲೇ ನಿಲ್ಲುತ್ತದೆ. ಹಾಸನ–ಮಂಗಳೂರು ದಾರಿ ಪೂರ್ಣವಾದದ್ದು 1979ರಲ್ಲಿ, ಅಷ್ಟರಲ್ಲಿ ಡೀಸೆಲ್ ಎಂಜಿನ್ನುಗಳು ಬಂದಾಗಿತ್ತು. ಘಟ್ಟದ 57 ಸುರಂಗಗಳಲ್ಲಿ ಕಲ್ಲಿದ್ದಲ ಹೊಗೆ ತುಂಬಿದ್ದರೆ ಪ್ರಯಾಣಿಕರ ಗತಿ ಏನಾಗುತ್ತಿತ್ತೋ.

ಸಣ್ಣ ಏರಿನಲ್ಲೂ ಮಳೆ ಬಿದ್ದ ಹಳಿಯ ಮೇಲೆ ಗಾಲಿ ಜಾರುತ್ತಿತ್ತು. ಆಗ ಚುಕುಬುಕು ಇದ್ದಕ್ಕಿದ್ದಂತೆ ಬಡಬಡನೆ ಓಡುತ್ತಿತ್ತು, ರೈಲು ಮಾತ್ರ ಇದ್ದಲ್ಲೇ. ಡ್ರೈವರ್ ಉಗಿ ತಗ್ಗಿಸಿ, ಗಾಲಿಯ ಮುಂದೆ ಕೊಳವೆಯಿಂದ ಒಣ ಮರಳು ಉದುರಿಸಿ ಹಿಡಿತ ಮಾಡಿಕೊಳ್ಳುತ್ತಿದ್ದ.

## ರಟ್ಟಿನ ಟಿಕೆಟ್ಟು

ಸುಮಾರು 57 ಮಿಲಿಮೀಟರ್ ಉದ್ದ, 31 ಮಿಲಿಮೀಟರ್ ಅಗಲದ ಆ ರಟ್ಟಿನ ಟಿಕೆಟ್ಟನ್ನು 1830ರ ದಶಕದಲ್ಲಿ ರೂಪಿಸಿದವನು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್. ಯಾವ ಊರಿನಿಂದ ಯಾವ ಊರಿಗೆ, ದರ ಎಷ್ಟು, ಎಲ್ಲವೂ ಮೊದಲೇ ಅಚ್ಚಾಗಿರುತ್ತಿತ್ತು. ಕೌಂಟರಿನಲ್ಲಿ ಯಂತ್ರಕ್ಕೆ ಕೊಟ್ಟು 'ಟಕ್' ಅನ್ನಿಸಿದರೆ ತಾರೀಖು ಬೀಳುತ್ತಿತ್ತು. ಪ್ರತಿ ಟಿಕೆಟ್ಟಿಗೂ ಕ್ರಮಸಂಖ್ಯೆ. ದಿನದ ಕೊನೆಗೆ ಗೂಡಿನಲ್ಲಿ ಮುಂದೆ ಉಳಿದ ಟಿಕೆಟ್ಟಿನ ಸಂಖ್ಯೆ ನೋಡಿದರೆ ಆ ಊರಿಗೆ ಎಷ್ಟು ಮಾರಾಟವಾಯಿತು, ಪೆಟ್ಟಿಗೆಯಲ್ಲಿ ಎಷ್ಟು ಹಣ ಇರಬೇಕು ಎಂದು ಗೊತ್ತಾಗುತ್ತಿತ್ತು. ಲೆಕ್ಕಕ್ಕೆ ಅಷ್ಟೇ ಸಾಕಿತ್ತು. ಮರದ ಪಟ್ಟಿಯ ಬೆಂಚುಗಳ ಮೂರನೆಯ ದರ್ಜೆಗೂ ಇದೇ ಟಿಕೆಟ್ಟು. ಆ ದರ್ಜೆಯನ್ನು 1974ರಲ್ಲಿ ತೆಗೆದರು.

## ಯಾಕೆ ಹೋಯಿತು, ಎಲ್ಲಿ ಉಳಿದಿದೆ

ಕಲ್ಲಿದ್ದಲಿನ ಬಿಸಿಯಲ್ಲಿ ನೂರಕ್ಕೆ ಆರರಿಂದ ಎಂಟು ಪಾಲು ಮಾತ್ರ ರೈಲು ಎಳೆಯುವುದಕ್ಕೆ ಸಿಗುತ್ತಿತ್ತು. ಉಳಿದದ್ದು ಬಹುಪಾಲು ಚಿಮಣಿಯಿಂದ ಉಗಿಯ ಜೊತೆಗೇ ಹೋಗುತ್ತಿತ್ತು. ತಣ್ಣಗಿದ್ದ ಎಂಜಿನ್ನಿನಲ್ಲಿ ಉಗಿ ಏರಿಸಲು ಗಂಟೆಗಟ್ಟಲೆ ಬೇಕು. ಗಡಸು ನೀರಿನಿಂದ ಬಾಯ್ಲರಿನೊಳಗೆ ಗಟ್ಟಿ ಪದರ ಕಟ್ಟುತ್ತಿದ್ದರಿಂದ ಆಗಾಗ ತೊಳೆಯಬೇಕು. ಡೀಸೆಲ್ ಎಂಜಿನ್ನಿಗೆ ಇವು ಯಾವುವೂ ಇಲ್ಲ. ನಮ್ಮ ದೇಶದಲ್ಲಿ ರೈಲ್ವೆಯ ಸಾಮಾನ್ಯ ದಾರಿಗಳಿಗಾಗಿ ಉಗಿ ಎಂಜಿನ್ ಕಟ್ಟುವುದು 1972ಕ್ಕೆ ನಿಂತಿತು. 1992ರಲ್ಲಿ ಬಹುಪಾಲು ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ಯೋಜನೆ ಶುರುವಾದ ಮೇಲೆ ಮೀಟರ್ ಗೇಜ್ ಎಂಜಿನ್ನುಗಳಿಗೆ ಓಡಲು ಹಳಿಯೇ ಉಳಿಯಲಿಲ್ಲ. ಸಕಲೇಶಪುರ ಘಟ್ಟದ ದಾರಿಯಂತೂ 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಆ ಕಡೆಯವರಿಗೆ ರೈಲೇ ಇರಲಿಲ್ಲ.

ಓಡುವ ಉಗಿ ಎಂಜಿನ್ ನೋಡಬೇಕೆಂದರೆ ನೀಲಗಿರಿಗೆ ಹೋಗಬೇಕು. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಇಂದಿಗೂ ಉಗಿ ಎಂಜಿನ್ನೇ ರೈಲನ್ನು ತಳ್ಳಿಕೊಂಡು ಹತ್ತುತ್ತದೆ. ನಿಂತಿರುವ ಎಂಜಿನ್ ಸಾಕು ಅಂದರೆ ಹಾಸನದಿಂದ ಮೈಸೂರಿಗೆ ರೈಲಿನಲ್ಲೇ ಹೋಗಿ, ಸ್ಟೇಷನ್ನಿನ ಹತ್ತಿರವೇ ಇರುವ ರೈಲು ಮ್ಯೂಸಿಯಂ ನೋಡಬಹುದು. 1979ರಲ್ಲಿ ಶುರುವಾದದ್ದು. ಮಕ್ಕಳನ್ನು ಕರೆದೊಯ್ದರೆ ಎಂಜಿನ್ನಿನ ಒಂದು ಪಕ್ಕದಲ್ಲಿ ಗಾಲಿಗೆ ಸರಳು ಸೇರಿರುವ ಜಾಗವನ್ನು ಮೊದಲು ತೋರಿಸಿ, ಆಮೇಲೆ ಸುತ್ತು ಹಾಕಿ ಇನ್ನೊಂದು ಪಕ್ಕಕ್ಕೆ ಕರೆದೊಯ್ಯಿರಿ. ಒಂದು ಕಡೆ ಸರಳು ಗಾಲಿಯ ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ಇದ್ದರೆ ಇನ್ನೊಂದು ಕಡೆ ಮುಂದೆಯೋ ಹಿಂದೆಯೋ ಇರುತ್ತದೆ, ಎರಡರ ನಡುವೆ ಕಾಲು ಸುತ್ತಿನ ಅಂತರ. ಒಂದು ಪಿಸ್ಟನ್ ತನ್ನ ತುದಿ ಮುಟ್ಟಿ ಬಲ ಕಳೆದುಕೊಂಡ ಗಳಿಗೆಯಲ್ಲಿ ಇನ್ನೊಂದು ಪೂರ್ತಿ ಬಲದಲ್ಲಿ ತಳ್ಳುತ್ತಿರಲಿ ಎಂದು ಹೀಗೆ ಜೋಡಿಸಿದ್ದು. ನಾಲ್ಕು ಚುಕ್‌ಗಳು ಒಂದರ ಮೇಲೊಂದು ಬೀಳದೆ ಸಮನಾಗಿ ಕೇಳುತ್ತಿದ್ದದ್ದೂ ಇದರಿಂದಲೇ.